ಗಿಟಾರ್ ಹಿಡಿದ ಮಕ್ಕಳಿಗೆ ಮೊದಲು ತಾಳ ಕೂರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಹಲವು ದೇಶಗಳ ಸಂಗೀತವನ್ನು ಗಿಟಾರಿನಲ್ಲಿ ನುಡಿಸುತ್ತ ಬೆಳೆಯುತ್ತಿರುವ ಯುವ ವಾದಕರೊಬ್ಬರ ಪರಿಚಯ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಓದಿ ತುಂಬ ಸಂತೋಷವಾಯಿತು. ಮುಂಬಯಿಯ ಕನ್ನಡ ಮನೆಗಳಲ್ಲಿ ಗಿಟಾರ್ ಕಲಿಯುವ ಮಕ್ಕಳು ಬಹಳ ಇದ್ದಾರೆ, ಅವರ ಕಲಿಕೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು ಮಾತ್ರ ಕಡಿಮೆ. ಆ ಲೇಖನ ಓದಿದ ಪಾಲಕರು ಗಿಟಾರ್ ಶಿಕ್ಷಕರಾದ ನಮ್ಮನ್ನು ಈಗ ಕೇಳುತ್ತಿರುವ ಪ್ರಶ್ನೆ ಒಂದೇ: "ನಮ್ಮ ಮಗುವೂ ಫ್ಲಮೆಂಕೊ, ಬೋಸಾ ನೋವಾ, ಜಾಝ್, ರಾಗ ಎಲ್ಲ ಕಲಿಯಲಿ. ಒಂದೊಂದಕ್ಕೆ ಮೂರು ತಿಂಗಳು ಸಾಕಲ್ಲವೇ?" ಸಾಕಾಗುವುದಿಲ್ಲ. ಏಕೆ ಸಾಲದು, ಹಾಗಾದರೆ ಯಾವ ದಾರಿ ಹಿಡಿಯಬೇಕು ಎಂಬುದನ್ನು ಕೊಂಚ ವಿವರವಾಗಿಯೇ ಬರೆಯುತ್ತಿದ್ದೇವೆ. ದಯವಿಟ್ಟು ಸ್ಥಳಾವಕಾಶ ಮಾಡಿಕೊಡಿ.

ಒಂದು ಶೈಲಿಯ ಜೀವ ಇರುವುದು ಬಲಗೈಯಲ್ಲಿ ಮತ್ತು ತಾಳದಲ್ಲಿ. ಎಡಗೈ ಒತ್ತುವ ಸ್ವರಸ್ಥಾನಗಳು ಗಿಟಾರಿನ ಮೇಲೆ ಎಲ್ಲ ದೇಶಕ್ಕೂ ಅವೇ ಹನ್ನೆರಡು. ಸ್ಪೇನಿನ ಫ್ಲಮೆಂಕೊದಲ್ಲಿ ಪದೇ ಪದೇ ಕೇಳಿಬರುವ ಸ್ವರಶ್ರೇಣಿಯನ್ನು ನಮ್ಮ ಮೇಳಕರ್ತಗಳಲ್ಲಿ (ಕರ್ನಾಟಕ ಸಂಗೀತದ ಮೂಲ ರಾಗಗಳ ಪಟ್ಟಿಯಲ್ಲಿ) ಹುಡುಕಿದರೆ 14ನೆಯ ವಕುಳಾಭರಣ ಸಿಗುತ್ತದೆ, ಹಿಂದೂಸ್ತಾನಿಯವರು ಅದನ್ನು ಬಸಂತ್ ಮುಖಾರಿ ಎನ್ನುತ್ತಾರೆ. ಜಾಝ್ ಕಲಿಯುವವರು ಡೋರಿಯನ್ ಎಂದು ಹೆಸರಿಸುವುದು 22ನೆಯ ಖರಹರಪ್ರಿಯದ ಸ್ವರಗಳನ್ನು. ಬ್ಲೂಸ್‌ನಲ್ಲಿ ಕೇಳುವ ಐದು ಸ್ವರಗಳು ಶುದ್ಧ ಧನ್ಯಾಸಿಯವು. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ವರಸೆ ಹಾಡಿದ ಮಗುವಿಗೆ ಇವೆಲ್ಲ ಒಂದೇ ವಾರದಲ್ಲಿ ಬೆರಳಿಗೆ ಬರುತ್ತವೆ. ಎಡವಟ್ಟು ಇಲ್ಲೇ ಆಗುವುದು. ಸ್ವರ ಬಂದ ಕೂಡಲೇ ಶೈಲಿ ಬಂತೆಂದು ಮಗು ನಂಬುತ್ತದೆ, ಮನೆಯವರೂ ನಂಬುತ್ತಾರೆ. ವಕುಳಾಭರಣದ ಸ್ವರಗಳನ್ನು ಪಿಕ್ (ತಂತಿ ಮೀಟುವ ಬಿಲ್ಲೆ) ಹಿಡಿದು ನಾಲ್ಕು ಮಾತ್ರೆಯಲ್ಲಿ ಬಾರಿಸಿದರೆ ಫ್ಲಮೆಂಕೊದ ತವರಾದ ಆಂದಾಲುಸಿಯಾದ ಯಾವ ಕೇಳುಗನೂ ಅದನ್ನು ತನ್ನ ಸಂಗೀತವೆಂದು ಗುರುತಿಸಲಾರ. ನಮ್ಮವರಿಗೂ ಅದು ರಾಗವೆನಿಸದು.

ಮೊದಲ ಮೂರು ವರ್ಷ ಒಂದೇ ಶೈಲಿಯ ಮನೆಯಲ್ಲಿ ಇರಬೇಕು. ಅದು ಪಾಶ್ಚಾತ್ಯ ಶಾಸ್ತ್ರೀಯ ಗಿಟಾರ್ ಆಗಬಹುದು, ಉಕ್ಕಿನ ತಂತಿಯ ಮೇಲೆ ಬೆರಳಲ್ಲಿ ಮೀಟುವ ಪದ್ಧತಿ ಆಗಬಹುದು, ಆಯ್ಕೆ ಮಗುವಿನ ಕಿವಿಗೆ ಬಿಟ್ಟದ್ದು. ಎರಡನೆಯ ಶೈಲಿಗೆ ಕಾಲಿಡುವ ಮುನ್ನ ಕೆಲವು ಕೆಲಸಗಳು ಕೈಗೆ ಸಲೀಸಾಗಿರಬೇಕು. ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಒಂದು ಬಡಿತಕ್ಕೆ ನಾಲ್ಕು ಮೀಟು, ತೋರುಬೆರಳು ಮತ್ತು ನಡುಬೆರಳನ್ನು ಸರದಿಯಂತೆ ಬಳಸಿ ಐದು ನಿಮಿಷ ಏರುಪೇರಿಲ್ಲದೆ ನುಡಿಸಬೇಕು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ತನ್ನ ನಡೆ ತಪ್ಪದೆ ಹೋಗುತ್ತಿರುವಾಗ ಉಳಿದ ಬೆರಳುಗಳು ಬೇರೆ ಹಾಡು ಹಾಡಬೇಕು. ತೋರುಬೆರಳನ್ನು ತಂತಿಗಳಿಗೆ ಅಡ್ಡವಾಗಿಟ್ಟು ಹಿಡಿಯುವ ಎಫ್ ಬಾರ್ ಕಾರ್ಡಿನಲ್ಲಿ (ಕಾರ್ಡ್ ಎಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಆರೂ ತಂತಿ ಸ್ಪಷ್ಟವಾಗಿ ಮೊಳಗಬೇಕು. ಹೆಚ್ಚಿನ ಮಕ್ಕಳು ಬಾರ್ ಕಾರ್ಡಿನಲ್ಲಿ ಸೋಲುವುದು ಬಲ ಸಾಲದೆ ಅಲ್ಲ. ತೋರುಬೆರಳನ್ನು ಚಪ್ಪಟೆಯಾಗಿ ಇಡುತ್ತಾರೆ, ಆಗ ಗೆಣ್ಣಿನ ಸಂದಿಗೆ ಒಂದೆರಡು ತಂತಿ ಸಿಕ್ಕಿ ಸತ್ತುಹೋಗುತ್ತವೆ. ಬೆರಳನ್ನು ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಡೆಗೆ ಕೊಂಚ ಹೊರಳಿಸಿ ಅದರ ಗಟ್ಟಿ ಅಂಚಿನಿಂದ ಒತ್ತಿ, ಮೊಣಕೈಯನ್ನು ಮೈಗೆ ಹತ್ತಿರ ತಂದರೆ ಅರ್ಧ ಬಲದಲ್ಲೇ ಕೆಲಸ ಆಗುತ್ತದೆ. ಇವುಗಳ ಜೊತೆಗೆ, ಕೇಳಿದ ಹಾಡೊಂದನ್ನು ಬರಹದ ನೆರವಿಲ್ಲದೆ ಮೊದಲ ಏಳು ಫ್ರೆಟ್‌ಗಳೊಳಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳೊಳಗೆ) ಹುಡುಕಿಕೊಳ್ಳುವುದು, ಟ್ಯೂನರ್ ಇಲ್ಲದೆ ಶ್ರುತಿ ಮಾಡಿಕೊಳ್ಳುವುದು ಬರಬೇಕು. ಟ್ರಿನಿಟಿ, ರಾಕ್‌ಸ್ಕೂಲ್ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳಿಗೆ ನಮ್ಮ ವಿರೋಧವಿಲ್ಲ. ಸ್ವರಲಿಪಿ ಓದುವುದಕ್ಕೆ, ದಿನವೂ ಕೂತು ಅಭ್ಯಾಸ ಮಾಡುವುದಕ್ಕೆ ಅವು ಒಳ್ಳೆಯ ಆಸರೆ. ಐದನೆಯ ಗ್ರೇಡ್ ಮುಟ್ಟುವ ಮುನ್ನ ಎರಡನೆಯ ಶೈಲಿ ಬೇಡ ಎನ್ನುವುದು ನಮ್ಮ ಅಭಿಪ್ರಾಯ, ಎಲ್ಲ ಶಿಕ್ಷಕರೂ ಇದನ್ನು ಒಪ್ಪಲಿಕ್ಕಿಲ್ಲ.

ವಾದ್ಯದ ವಿಷಯ. ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರಿನ ತಂತಿಯುದ್ದ 650 ಮಿ.ಮೀ., ನಟ್ ಅಗಲ ಸುಮಾರು 52 ಮಿ.ಮೀ. ಉಕ್ಕಿನ ತಂತಿಯ ಗಿಟಾರಿನ ನಟ್ ಸುಮಾರು 43 ಮಿ.ಮೀ. ಮಾತ್ರ. ಎಂಟೊಂಬತ್ತು ವರ್ಷದೊಳಗಿನ ಮಗುವಿಗೆ ಅರ್ಧ ಅಥವಾ ಮುಕ್ಕಾಲು ಅಳತೆಯದನ್ನೇ ಕೊಡಿ. ಅಣ್ಣನ ದೊಡ್ಡ ಗಿಟಾರನ್ನು ತಮ್ಮನ ತೊಡೆಗೇರಿಸಿದರೆ ಮಣಿಕಟ್ಟು ವಿಪರೀತ ಬಾಗಿ ನೋವು ಶುರುವಾಗುತ್ತದೆ. ಇನ್ನೊಂದು ಎಚ್ಚರಿಕೆ: ಸದ್ದು ಜೋರಾಗಲೆಂದು ಶಾಸ್ತ್ರೀಯ ಗಿಟಾರಿಗೆ ಉಕ್ಕಿನ ತಂತಿ ಹಾಕಬೇಡಿ. ನೈಲಾನ್ ಸೆಟ್ಟಿನ ಒಟ್ಟು ಎಳೆತ ಸುಮಾರು 40 ಕಿಲೊ, 12ರ (ಅತಿ ಸಣ್ಣ ತಂತಿಯ ದಪ್ಪ ಇಂಚಿನ ಸಾವಿರದ 12 ಭಾಗ) ಉಕ್ಕಿನ ಸೆಟ್ಟಿನದು 70 ಕಿಲೊಗಿಂತ ಹೆಚ್ಚು. ಕೆಲವೇ ವಾರಗಳಲ್ಲಿ ಬ್ರಿಡ್ಜ್ (ಮೇಲ್ಹಲಗೆಯಲ್ಲಿ ತಂತಿ ಕಟ್ಟುವ ಪಟ್ಟಿ) ಹಿಂದೆ ಮೇಲ್ಹಲಗೆ ಉಬ್ಬುತ್ತದೆ, ಬ್ರಿಡ್ಜ್ ಕಿತ್ತು ಬರಲೂಬಹುದು. ಎಲ್ಲ ಶೈಲಿಗೂ ಸಲ್ಲುವ ಒಂದೇ ಗಿಟಾರ್ ಇಲ್ಲ, ಹಾಗೆಂದು ನಾಲ್ಕು ಕೊಳ್ಳುವುದೂ ದಂಡ. ನೈಲಾನ್ ಒಂದಿದ್ದರೆ ಶಾಸ್ತ್ರೀಯ, ಬ್ರೆಜಿಲ್, ಫ್ಲಮೆಂಕೊದ ಆರಂಭ ನಡೆಯುತ್ತದೆ. ಉಕ್ಕಿನದೊಂದಿದ್ದರೆ ಬ್ಲೂಸ್, ಆಫ್ರಿಕಾ, ರಾಗ. ಹದಿನೆಂಟು ವಯಸ್ಸಿನ ತನಕ ಇವೆರಡೇ ಸಾಕು.

ಎರಡನೆಯ ಶೈಲಿಗೆ ಬರೋಣ. ಇಲ್ಲಿ ನಮ್ಮ ಮಕ್ಕಳಿಗೆ ಬೇರೆಯವರಿಗಿಲ್ಲದ ಅನುಕೂಲವೊಂದಿದೆ. ಮನೆಯಲ್ಲಿ ಭಜನೆಯೋ ಯಕ್ಷಗಾನವೋ ಕರ್ನಾಟಕ ಸಂಗೀತದ ಪಾಠವೋ ಕಿವಿಗೆ ಬಿದ್ದಿರುತ್ತದೆ, ತಕಿಟ, ತಕಧಿಮಿ ಬಾಯಿಗೆ ಸುಲಭವಾಗಿ ಬರುತ್ತದೆ. ಫ್ಲಮೆಂಕೊದ ಹನ್ನೆರಡು ಮಾತ್ರೆಯ ಚಕ್ರಕ್ಕೆ ಕಂಪಾಸ್ ಎನ್ನುತ್ತಾರೆ. ಬುಲೇರಿಯಾಸ್ ಎಂಬ ಪ್ರಕಾರವನ್ನು ಹನ್ನೆರಡರಿಂದ ಎಣಿಸಲು ಶುರುಮಾಡಿದರೆ ಒತ್ತು ಬೀಳುವುದು 12, 3, 6, 8, 10ರ ಮೇಲೆ. ಬಾಯಲ್ಲಿ ಹೇಳಿ ನೋಡಿ: ತಕಿಟ ತಕಿಟ ತಕ ತಕ ತಕ. ಅಷ್ಟೇ. ಪಾಶ್ಚಾತ್ಯ ಪುಸ್ತಕಗಳು ಪುಟಗಟ್ಟಲೆ ವಿವರಿಸುವುದನ್ನು ನಮ್ಮ ಮಗು ಅರ್ಧ ಗಂಟೆಯಲ್ಲಿ ಬಾಯಿಪಾಠ ಮಾಡುತ್ತದೆ. ಸೊಲೆಯಾ ಎಂಬ ನಿಧಾನದ ಪ್ರಕಾರಕ್ಕೂ ಇದೇ ಒತ್ತುಗಳು, ಆದರೆ ಅಲ್ಲಿ ಎಣಿಕೆ ಒಂದರಿಂದ ಶುರು, ಮೊದಲ ಗಟ್ಟಿ ಒತ್ತು ಮೂರರಲ್ಲಿ.

ಇದನ್ನು ಗಿಟಾರಿಗೆ ತರುವ ಕ್ರಮ ಹೀಗೆ. ಎರಡು ವಾರ ಗಿಟಾರ್ ಮುಟ್ಟದೆ ಬಾಯಲ್ಲಿ ಸೊಲ್ಲು, ಕೈಯಲ್ಲಿ ಚಪ್ಪಾಳೆ. ಆಮೇಲೆ ಎಡಗೈಯನ್ನು ತಂತಿಗಳ ಮೇಲೆ ಹಗುರಾಗಿ ಇಟ್ಟು ಸದ್ದು ಅಡಗಿಸಿ, ಬಲಗೈಯಿಂದ ಬರಿಯ ಲಯ ಬಾರಿಸುವುದು. ಮೂರನೆಯ ಹಂತದಲ್ಲಿ ಒಂದೇ ಕಾರ್ಡ್. ನಾಲ್ಕನೆಯದರಲ್ಲಿ ಎರಡು ಕಾರ್ಡ್: ಸೊಲೆಯಾದಲ್ಲಿ ಇ ಮೇಜರ್‌ನಿಂದ ಹೊರಟು ಮೂರನೆಯ ಮಾತ್ರೆಗೆ ಎಫ್‌ಗೆ ಹೋಗಿ ಹತ್ತನೆಯದರಲ್ಲಿ ಮತ್ತೆ ಇ ಮೇಜರ್‌ಗೆ ಬಂದು ನಿಲ್ಲಬೇಕು. ನಮ್ಮ ಮಕ್ಕಳು ತಪ್ಪುವುದು ಈ ಘಟ್ಟದಲ್ಲಿ. ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬಂದು ಮುಗಿಸುವ ಅಭ್ಯಾಸ ರಕ್ತದಲ್ಲಿರುವುದರಿಂದ ಹನ್ನೆರಡು ದಾಟಿ ಒಂದರ ಮೇಲೆ ಧುಮುಕುತ್ತಾರೆ. ಫ್ಲಮೆಂಕೊದ ವಾಕ್ಯ ಮುಗಿಯುವುದು ಹತ್ತರಲ್ಲಿ, 11 ಮತ್ತು 12 ಉಸಿರು ತೆಗೆದುಕೊಳ್ಳುವ ಜಾಗ. ಹತ್ತರಲ್ಲಿ ನಿಲ್ಲುವುದು ಸಹಜವಾಗುವ ತನಕ ವೇಗ ಏರಿಸಬಾರದು. ತಿಂಗಳುಗಳೇ ಹಿಡಿಯಬಹುದು, ಹಿಡಿಯಲಿ.

ಬಲಗೈಯ ತಂತ್ರಗಳಲ್ಲಿ ಮೊದಲು ಹೆಬ್ಬೆರಳು. ಅದು ಒಂದು ತಂತಿಯನ್ನು ಮೀಟಿ ಮುಂದಿನ ತಂತಿಯ ಮೇಲೆ ಒರಗಿ ನಿಲ್ಲಬೇಕು, ಆ ಗಡಸು ನಾದ ಹುಟ್ಟುವುದೇ ಹಾಗೆ. ಅನಂತರ ರಸ್ಗೆಯಾದೊ: ಕಿರುಬೆರಳು, ಉಂಗುರಬೆರಳು, ನಡುಬೆರಳು, ತೋರುಬೆರಳು ಈ ಸಾಲಿನಲ್ಲಿ ಒಂದೊಂದಾಗಿ ಬಿಚ್ಚಿ ತಂತಿಗಳ ಮೇಲೆ ಹಾಯಬೇಕು. ಅವಸರದ ಮಕ್ಕಳು ಮಣಿಕಟ್ಟನ್ನು ಒದರುತ್ತಾರೆ, ಆಗ ನಾಲ್ಕು ಹೊಡೆತ ಒಂದರೊಳಗೊಂದು ಕಲಸಿ ಬರೀ ಗದ್ದಲ ಕೇಳುತ್ತದೆ. ಬೆರಳು ಬುಡದ ಗೆಣ್ಣಿನಿಂದ ಚಿಮ್ಮಬೇಕು, ಮಣಿಕಟ್ಟು ಸುಮ್ಮನಿರಬೇಕು. ಮೆಟ್ರೊನೋಮ್ 50ರಲ್ಲಿ ನಾಲ್ಕೂ ಹೊಡೆತದ ತೂಕ ಸಮವಾಗಿದೆಯೇ ಎಂದು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿ. ಕಿರುಬೆರಳು ಯಾವಾಗಲೂ ಹಿಂದೆ ಬಿದ್ದಿರುತ್ತದೆ, ಅದಕ್ಕೆ ದಿನಕ್ಕೆ ಐದು ನಿಮಿಷ ಪ್ರತ್ಯೇಕ ಅಭ್ಯಾಸ ಬೇಕು. ಗೋಲ್ಪೆ ಎಂಬ ಹಲಗೆಯ ಮೇಲಿನ ತಟ್ಟನ್ನು ಸಾಮಾನ್ಯ ಶಾಸ್ತ್ರೀಯ ಗಿಟಾರಿನ ಮೇಲೆ ಮಾಡಬೇಡಿ, ಉಗುರು ತಾಗಿ ಪಾಲಿಶ್ ಹೋಗುತ್ತದೆ, ಮೆತ್ತನೆಯ ಮರ ಗೀರುತ್ತದೆ. ತೆಳ್ಳನೆಯ ಪಾರದರ್ಶಕ ರಕ್ಷಣಾ ಹಾಳೆ ಸಿಗುತ್ತದೆ, ಮೊದಲು ಅದನ್ನು ಅಂಟಿಸಿ. ಉಗುರು ಬೆರಳ ತುದಿಯಿಂದ ಒಂದೆರಡು ಮಿ.ಮೀ. ಹೊರಗಿದ್ದರೆ ಸಾಕು. ಅರದಿಂದ ಆಕಾರ ಕೊಟ್ಟು ನಯವಾದ ಮರಳು ಕಾಗದದಿಂದ ಅಂಚು ತೀಡಿ.

ಮೂರು ತಿಂಗಳ ಲೆಕ್ಕ ಏಕೆ ಸಲ್ಲದು ಎಂಬುದಕ್ಕೆ ದೊಡ್ಡವರ ಬದುಕೇ ಉತ್ತರ. ಫ್ಲಮೆಂಕೊ ಗಿಟಾರ್ ವಾದಕ ಪಾಕೊ ದೆ ಲೂಸಿಯಾ (1947–2014) ಜಾಝ್ ವಾದಕರಾದ ಜಾನ್ ಮೆಕ್ಲಾಫ್ಲಿನ್, ಆಲ್ ಡಿ ಮಿಯೋಲಾ ಅವರೊಂದಿಗೆ ಕೂತು ನುಡಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ, ಅದು 1980ರ ಸುಮಾರಿನ ಮಾತು. ಅದಕ್ಕೆ ಮುಂಚೆ ಅವರು ಹುಡುಗನಿದ್ದಾಗಿನಿಂದ ನರ್ತಕರಿಗೆ, 1969ರಿಂದ ಗಾಯಕ ಕಾಮರೋನ್ ದೆ ಲಾ ಇಸ್ಲಾ ಅವರಿಗೆ ವರ್ಷಗಟ್ಟಲೆ ಪಕ್ಕವಾದ್ಯ ನುಡಿಸಿದ್ದರು. ಮೆಕ್ಲಾಫ್ಲಿನ್ ಅವರೂ ಝಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಂ ಅವರೊಂದಿಗೆ ಶಕ್ತಿ ತಂಡ ಕಟ್ಟುವ ಮುನ್ನ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು. ಗಿಟಾರಿನವರು ವೀಣೆಗೆ ಕೂತದ್ದನ್ನು ಗಮನಿಸಬೇಕು. ಆಮೇಲೆ ಫ್ರೆಟ್‌ಗಳ ನಡುವೆ ಹಲಗೆಯನ್ನು ಕೊರೆಸಿ, ಅನುರಣನದ ತಂತಿಗಳನ್ನು ಹಾಕಿಸಿದ ಗಿಟಾರನ್ನು ಮಾಡಿಸಿಕೊಂಡರು. ನಮ್ಮ ನಾಡಿನ ಉದಾಹರಣೆ ಬೇಕೆಂದರೆ ಕದ್ರಿ ಗೋಪಾಲನಾಥ್ (1949–2019) ಇದ್ದಾರೆ. ಬ್ಯಾಂಡಿನ ವಾದ್ಯವಾಗಿದ್ದ ಸ್ಯಾಕ್ಸೋಫೋನನ್ನು ಹಿಡಿದು ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಶಾಸ್ತ್ರ ಕಲಿತು, ಗಮಕಕ್ಕೆ (ಸ್ವರವನ್ನು ಎಳೆದು ಅಲುಗಿಸುವುದಕ್ಕೆ) ಒಗ್ಗುವಂತೆ ವಾದ್ಯವನ್ನೇ ಮಾರ್ಪಡಿಸಿಕೊಂಡರು. ವಿದೇಶದ ಜಾಝ್ ವಾದಕರ ಜೊತೆ ಅವರು ನುಡಿಸಿದಾಗ ಕರ್ನಾಟಕ ಸಂಗೀತ ಎಲ್ಲೂ ತೆಳುವಾಗಲಿಲ್ಲ.

ಇವರೆಲ್ಲರ ಹಿಂದೆಯೂ ಪಕ್ಕವಾದ್ಯದ ಅಥವಾ ಗುರುಮುಖದ ಪಾಠ ಇದೆ. ಮುಂಬಯಿಯಲ್ಲಿ ಫ್ಲಮೆಂಕೊ ನರ್ತಕರು ಎಲ್ಲ ಮಕ್ಕಳಿಗೂ ಸಿಗಲಾರರು, ಆದರೆ ಭಾವಗೀತೆ, ಭಜನೆ ಹಾಡುವವರು ಪ್ರತಿ ಸಂಘದಲ್ಲೂ ಇದ್ದಾರೆ. ಅವರಿಗೆ ಗಿಟಾರ್ ಸಾಥ್ ಕೊಡುವುದೇ ಮಗುವಿನ ಅತಿ ದೊಡ್ಡ ಶಾಲೆ. ಗಾಯಕಿ "ಕಪ್ಪು ನಾಲ್ಕು" (ಹಾರ್ಮೋನಿಯಮ್ಮಿನ ನಾಲ್ಕನೆಯ ಕಪ್ಪು ಮನೆ ಷಡ್ಜ) ಎಂದರೆ ಜಿ ಶಾರ್ಪ್: ಮೊದಲ ಫ್ರೆಟ್ಟಿಗೆ ಕ್ಯಾಪೋ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ಜಿ ಆಕಾರದ ಕಾರ್ಡುಗಳನ್ನು ಹಿಡಿದರೆ ಮುಗಿಯಿತು. ಕಪ್ಪು ಒಂದು ಎಂದರೆ ಸಿ ಶಾರ್ಪ್, ಅದೇ ಕ್ಯಾಪೋ, ಸಿ ಆಕಾರಗಳು. ಹಾಡಿನ ರಾಗದಲ್ಲಿ ಕೋಮಲ ಗಾಂಧಾರವಿರುವಾಗ ಷಡ್ಜದ ಮೇಲೆ ಮೇಜರ್ ಕಾರ್ಡ್ ಹಾಕಿದರೆ ಗಾಯಕಿಯ ಸ್ವರ ಅಲ್ಲೇ ಕದಡುತ್ತದೆ. ಅನುಮಾನವಿದ್ದಲ್ಲಿ ಗಾಂಧಾರ ಬಿಟ್ಟು ಷಡ್ಜ-ಪಂಚಮ ಮಾತ್ರ ಮೀಟಬೇಕು. ಸಾಲುಗಳ ನಡುವಿನ ಜಾಗವನ್ನೆಲ್ಲ ತುಂಬದೆ ಕಾಯುವುದನ್ನು ಕಲಿಸುವುದು ಇಂಥ ಸಾಥ್ ಒಂದೇ.

ರಾಗವನ್ನು ಗಿಟಾರಿನ ಮೇಲೆ ತರುವುದು ಎಲ್ಲಕ್ಕಿಂತ ಕಷ್ಟ, ನಮ್ಮವರು ಎಲ್ಲಕ್ಕಿಂತ ಸುಲಭವೆಂದು ತಿಳಿದಿರುವುದೂ ಅದನ್ನೇ. ಅಡ್ಡಿ ಎರಡು. ಗಿಟಾರಿನ ಫ್ರೆಟ್‌ಗಳು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಕೂರಿಸಿದವು. ತಂಬೂರಿಯ ಜೊತೆ ಇಂಪಾಗಿ ಕೂಡುವ ಅಂತರ ಗಾಂಧಾರಕ್ಕಿಂತ ಫ್ರೆಟ್ಟಿನ ಗಾಂಧಾರ ಸುಮಾರು 14 ಸೆಂಟ್ (ಒಂದು ಫ್ರೆಟ್ಟಿನ ಅಂತರದ ನೂರರಲ್ಲೊಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ) ಮೇಲಿರುತ್ತದೆ, ಪಂಚಮದ ವ್ಯತ್ಯಾಸ ಬರೀ 2 ಸೆಂಟ್. ಅದಕ್ಕೇ ಪಂಚಮ ಹಿತವಾಗಿರುತ್ತದೆ, ಗಾಂಧಾರ ಚುಚ್ಚುತ್ತದೆ. ಎರಡನೆಯ ಅಡ್ಡಿ ಗಮಕ. ತಂತಿ ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯದು. ಹಾಗಾಗಿ ಬೇಕಾದ ಸ್ವರಕ್ಕಿಂತ ಕೆಳಗಿನ ಫ್ರೆಟ್ ಒತ್ತಿ, ಅಲ್ಲಿಂದ ಎಳೆದು ಸ್ವರಕ್ಕೆ ಮುಟ್ಟಿಸಬೇಕು. ಗಾಂಧಾರದ ಆ 14 ಸೆಂಟನ್ನು ತಿದ್ದುವುದೂ ಹೀಗೆಯೇ: ಹಿಂದಿನ ಫ್ರೆಟ್ಟಿನಿಂದ ಎಳೆದು, ಕಿವಿ ಒಪ್ಪಿದ ಕಡೆ ನಿಲ್ಲಿಸುವುದು.

ಇದಕ್ಕೆ ತಂತಿ ಮತ್ತು ಶ್ರುತಿ ಎರಡನ್ನೂ ಬದಲಿಸಿಕೊಳ್ಳಬೇಕು. ಸಾಮಾನ್ಯ ಶ್ರುತಿಯಿಂದ ಆರನೆಯ, ಎರಡನೆಯ, ಒಂದನೆಯ ತಂತಿಗಳನ್ನು ಎರಡೆರಡು ಫ್ರೆಟ್‌ನಷ್ಟು ಇಳಿಸಿದರೆ ದಪ್ಪ ತಂತಿಯಿಂದ ಸಣ್ಣದಕ್ಕೆ ಡಿ, ಎ, ಡಿ, ಜಿ, ಎ, ಡಿ ಆಗುತ್ತದೆ. ಡಿ ಷಡ್ಜವಾದರೆ ಷಡ್ಜ-ಪಂಚಮಗಳು ತಾವಾಗಿ ಮೊಳಗುತ್ತವೆ. ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲಿ ಮೊರಾಕೊದ ಸಂಗೀತ ಕೇಳಿಬಂದು ರೂಢಿಗೆ ತಂದ ಶ್ರುತಿ ಇದು, ಐರಿಷ್ ಹಾಡುಗಳಿಗೂ ಇದನ್ನೇ ಬಳಸುತ್ತಾರೆ. ಒಂದು ತೊಂದರೆ: ಮೂರನೆಯ ತಂತಿ ಮಧ್ಯಮ. ಮೋಹನದಂಥ ಮಧ್ಯಮವಿಲ್ಲದ ರಾಗದಲ್ಲಿ ಅದು ಅಕಸ್ಮಾತ್ ಮೊಳಗಿದರೆ ರಾಗ ಕೆಡುತ್ತದೆ, ಬಲಗೈ ಉಂಗುರಬೆರಳನ್ನು ಅದರ ಮೇಲೆ ಮೆಲ್ಲಗೆ ಇಟ್ಟು ಅಡಗಿಸಬೇಕು. 11ರ ಸೆಟ್ ಹಾಕಿದರೆ ಒಂದನೆಯ ತಂತಿ ಡಿಗೆ ಇಳಿದಾಗ 10ರಷ್ಟೇ ಮೆತ್ತಗಾಗಿ ಎಳೆಯಲು ಒದಗುತ್ತದೆ. ಸೆಟ್ಟಿನ ಮೂರನೆಯ ತಂತಿ ಸುರುಳಿ ಸುತ್ತಿದ್ದು, ಎಳೆತಕ್ಕೆ ಬಗ್ಗದು. ಅದರ ಬದಲು 18ರ ಸಾದಾ ತಂತಿ ಬಿಡಿಯಾಗಿ ಕೊಂಡು ಹಾಕಿ. ಬ್ರಿಡ್ಜ್ ಮೇಲೆ ತಂತಿಗಳು ಒರಗುವ ಸ್ಯಾಡಲ್ ಪಟ್ಟಿಯನ್ನು ಸುರುಳಿ ತಂತಿಗೆ ಹೊಂದಿಸಿರುವುದರಿಂದ ಸಾದಾ ತಂತಿ ಮೇಲಿನ ಫ್ರೆಟ್‌ಗಳಲ್ಲಿ ತುಸು ಏರುಸ್ವರದಲ್ಲಿ ಕೇಳುತ್ತದೆ, ಬಿಟ್ಟ ತಂತಿಯನ್ನು ಕೂದಲೆಳೆಯಷ್ಟು ಇಳಿಸಿ ಸರಿದೂಗಿಸಿಕೊಳ್ಳಿ.

ಸರಳೆ ವರಸೆಯನ್ನು ಒಂದೇ ತಂತಿಯ ಮೇಲೆ ಉದ್ದಕ್ಕೆ, ವೀಣೆಯಲ್ಲಿ ಮಾಡುವ ಹಾಗೆ ನುಡಿಸಬೇಕು. ನಾಲ್ಕು ಫ್ರೆಟ್‌ಗಳ ಚೌಕದಲ್ಲಿ ತಂತಿಯಿಂದ ತಂತಿಗೆ ಹಾರಿದರೆ ಸ್ವರಗಳ ನಡುವಿನ ಎಳೆ ತುಂಡಾಗುತ್ತದೆ. ಮೊದಲು ಜಾರು ಕಲಿಯಲಿ, ಎಳೆತ ಆಮೇಲೆ. ಮೋಹನ, ಶುದ್ಧ ಧನ್ಯಾಸಿಗಳಿಂದ ಶುರುಮಾಡಿ. ತೋಡಿಯ ಗಾಂಧಾರಕ್ಕೆ ಆರಂಭದಲ್ಲೇ ಕೈಹಾಕುವುದು ಬೇಡ. ಎಳೆಯುವಾಗ ಒಂದೇ ಬೆರಳು ಬಳಸಿದರೆ ಗೆಣ್ಣು ನೋಯುತ್ತದೆ, ಉಂಗುರಬೆರಳು ಸ್ವರದ ಮೇಲಿದ್ದರೆ ನಡುಬೆರಳು ಹಿಂದಿನಿಂದ ಆಸರೆ ಕೊಡಬೇಕು. ನುಡಿಸುವ ಮುನ್ನ ಹಾಡಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಬಾಯಲ್ಲಿ ಬರದ ಗಮಕ ಬೆರಳಿಗೆ ಬರುವುದಿಲ್ಲ. ಆರ್. ಪ್ರಸನ್ನ ಅವರು ಕರ್ನಾಟಕ ಸಂಗೀತವನ್ನು ಸಾಮಾನ್ಯ ಫ್ರೆಟ್‌ಗಳ ಗಿಟಾರಿನಲ್ಲೇ ನುಡಿಸುತ್ತಾರೆ, ಆ ಮಟ್ಟ ಸಾಧ್ಯವಿದೆ ಎಂದು ಮಕ್ಕಳು ಕೇಳಿ ತಿಳಿಯಬೇಕು. ಫ್ರೆಟ್‌ಗಳ ಗೊಡವೆಯೇ ಬೇಡ ಎನ್ನುವವರಿಗೆ ಹಿಂದೂಸ್ತಾನಿಯವರ ದಾರಿ ಇದೆ. ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ಅಂಗಾತ ಮಲಗಿಸಿ ಲೋಹದ ಸರಳು ಜಾರಿಸಿ ನುಡಿಸಿದರು. ಹರಿಪ್ರಸಾದ್ ಚೌರಾಸಿಯಾ, ಶಿವಕುಮಾರ್ ಶರ್ಮಾ ಅವರೊಂದಿಗೆ 1967ರಲ್ಲಿ ಅವರು ನುಡಿಸಿದ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ. ಅದೇ ದಾರಿಯಲ್ಲಿ ವಿಶ್ವಮೋಹನ್ ಭಟ್ ಮೋಹನವೀಣೆ ರೂಪಿಸಿ 1994ರಲ್ಲಿ ಗ್ರ್ಯಾಮಿ ಪಡೆದರು. ಡಿಸೆಂಬರಿನಲ್ಲಿ ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಗದಗದ ಭೀಮಸೇನ ಜೋಶಿಯವರು 1953ರಲ್ಲಿ ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಶುರುಮಾಡಿದ ಉತ್ಸವ ಅದು. ಅಲ್ಲಿ ಗಾಯನವನ್ನೇ ಹೆಚ್ಚು ಕೇಳಲಿ, ಗಿಟಾರಿಗೆ ಬೇಕಾದ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಇರುವುದು ಅಲ್ಲಿ.

ಉಳಿದ ಶೈಲಿಗಳ ಬಗ್ಗೆ ಚಿಕ್ಕದಾಗಿ. ಬ್ರೆಜಿಲಿನ ಬೋಸಾ ನೋವಾವನ್ನು 1958ರ ಹೊತ್ತಿಗೆ ಜೊವಾವ್ ಜಿಲ್ಬೆರ್ತೊ ಗಿಟಾರಿನಲ್ಲಿ ರೂಪಿಸಿದರು. ಎರಡು ಮಾತ್ರೆಯ ಲೆಕ್ಕ, ಹೆಬ್ಬೆರಳು ಎರಡರ ಮೇಲೂ ಬೀಳುತ್ತದೆ, ತೂಕ ಎರಡನೆಯದಕ್ಕೆ. ಮೂರು ಬೆರಳು ಒಟ್ಟಿಗೆ ಕಾರ್ಡನ್ನು ಎಡೆಮಾತ್ರೆಗಳಲ್ಲಿ ಕಿತ್ತೆತ್ತುತ್ತವೆ. ಪಿಕ್ ಹಿಡಿದು ಉಜ್ಜುವುದು, ಒಂದನೆಯ ಮಾತ್ರೆಯನ್ನು ಗುದ್ದುವುದು ಇಲ್ಲಿನ ಮಾಮೂಲಿ ತಪ್ಪುಗಳು. ಫ್ರಾನ್ಸಿನ ಜಾಂಗೊ ರೈನ್‌ಹಾರ್ಟ್ (1910–1953) ಪರಂಪರೆಗೆ ದಪ್ಪ ಪಿಕ್ ಬೇಕು. ಹೊಸ ತಂತಿಗೆ ಹೋದಾಗಲೆಲ್ಲ ಕೆಳಮುಖದ ಹೊಡೆತವೇ ಆಗಬೇಕು, ಮೇಲೆ ಕೆಳಗೆ ಸರದಿ ಮಾಡುವ ರಾಕ್ ಅಭ್ಯಾಸವನ್ನು ಅಳಿಸಿ ಕಲಿಯಬೇಕಾಗುತ್ತದೆ. ಬಾಲ್ಕನ್ ದೇಶಗಳ ಏಳು ಮಾತ್ರೆ ನಮ್ಮ ಮಿಶ್ರಛಾಪು, ತಕಿಟ ತಕ ತಕ, ಬೇರೆ ವಿವರಣೆ ಬೇಡ. ಪಶ್ಚಿಮ ಆಫ್ರಿಕಾದ್ದು ಹಾಗಲ್ಲ. ಅಲ್ಲಿ ಹನ್ನೆರಡು ಮಾತ್ರೆಗಳಲ್ಲಿ ಏಳು ಪೆಟ್ಟು ಬೀಳುವ ಗಂಟೆಯ ನಡೆ ಇದೆ: 2, 2, 1, 2, 2, 2, 1. ಕಾಲು ನಾಲ್ಕು ಸಮ ಹೆಜ್ಜೆ ಹಾಕುತ್ತಿರುವಾಗ ಕೈ ಇದನ್ನು ತಟ್ಟಬೇಕು. ಇದು ಬರುವ ತನಕ ಗಿಟಾರ್ ಚೀಲದಲ್ಲೇ ಇರಲಿ. ಮಾಲಿಯ ಗಿಟಾರ್ ವಾದಕ ಅಲಿ ಫರ್ಕಾ ಟೂರೆ (1939–2006) ಅವರನ್ನು, 21 ತಂತಿಯ ಕೊರಾ ವಾದ್ಯವನ್ನು ಚೆನ್ನಾಗಿ ಕೇಳಲಿ. ಕೊರಾವನ್ನು ಹೆಬ್ಬೆರಳು ತೋರುಬೆರಳುಗಳಿಂದ ಮಾತ್ರ ಮೀಟುತ್ತಾರೆ, ಗಿಟಾರಿನಲ್ಲೂ ಆ ಎರಡೇ ಬೆರಳಿಗೆ ಕಟ್ಟುಹಾಕಿಕೊಂಡರೆ ಸರಿಯಾದ ಉಚ್ಚಾರ ಬರುತ್ತದೆ. ದೂರದ ದೇಶಗಳನ್ನು ಹುಡುಕುವವರು ಪಕ್ಕದ ಗೋವಾವನ್ನು ಮರೆಯುವುದು ನಮಗೆ ಬೇಸರ. ಆರು ಮಾತ್ರೆಯ ಮಾಂಡೊ ಹಾಡು, ಅದರ ಬೆನ್ನಿಗೆ ಬರುವ ಚುರುಕಾದ ದುಲ್ಪೊದ್, ಘುಮಟ ಎಂಬ ಮಣ್ಣಿನ ತಾಳವಾದ್ಯದ ಲಯ ಇವು ಕಾರವಾರದವರ ಮನೆ ಬಾಗಿಲಲ್ಲೇ ಇವೆ, ಗಿಟಾರಿಗೆ ಸಹಜವಾಗಿ ಒಗ್ಗುತ್ತವೆ.

ಯೂಟ್ಯೂಬ್ ಬಿಟ್ಟು ಕಲಿಯಿರಿ ಎಂದು ಹೇಳಲಾಗದು. ಆದರೆ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಎಂದು ಅಂಕಿಯಲ್ಲಿ ತೋರಿಸುವ ಬರಹ) ನೋಡಿ ಕಲಿತವರಿಗೆ ಯಾವ ಫ್ರೆಟ್ ಎಂದು ಗೊತ್ತಿರುತ್ತದೆ, ಬಲಗೈಯ ಯಾವ ಬೆರಳು, ಎಷ್ಟು ತೂಕ ಎಂದು ಗೊತ್ತಿರುವುದಿಲ್ಲ. ಬಲಗೈ ಕಾಣುವ ವಿಡಿಯೊ ಆಯ್ದು, ವೇಗವನ್ನು 0.5ಕ್ಕೆ ಇಳಿಸಿ, ಮೊದಲು ಬರೀ ಆ ಕೈಯನ್ನು ನೋಡಿ ಕಲಿಯಲಿ. ದಿನಕ್ಕೆ ಒಂದು ಗಂಟೆ ಇದ್ದರೆ ಹತ್ತು ನಿಮಿಷ ಸೊಲ್ಲು, ಇಪ್ಪತ್ತು ನಿಮಿಷ ಮೂಲ ಶೈಲಿ, ಇಪ್ಪತ್ತೈದು ನಿಮಿಷ ಹೊಸ ಶೈಲಿ, ಕೊನೆಗೆ ಧ್ವನಿಮುದ್ರಿಸಿದ್ದನ್ನು ಕೇಳುವುದು. ಪ್ರತಿ ಇಪ್ಪತ್ತೈದು ನಿಮಿಷಕ್ಕೊಮ್ಮೆ ಗಿಟಾರ್ ಕೆಳಗಿಡಬೇಕು. ಮಣಿಕಟ್ಟಿನಲ್ಲಿ ಜುಮ್ಮೆನ್ನುವುದು, ರಾತ್ರಿ ನೋಯುವುದು ಕಂಡರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವನ್ನು ಮೀರಿ ನುಡಿಸು ಎನ್ನುವ ಮಾತು ಮಕ್ಕಳ ಕೈ ಹಾಳುಮಾಡುತ್ತದೆ. ಒಂದು ಹೊಸ ಶೈಲಿಗೆ ಕನಿಷ್ಠ ಒಂದೂವರೆ ವರ್ಷ ಎಂದು ಇಟ್ಟುಕೊಳ್ಳಿ. ಎಂಟಕ್ಕೆ ಶುರುಮಾಡಿದ ಮಗು ಹದಿನೆಂಟರ ಹೊತ್ತಿಗೆ ಮೂರು ನಾಲ್ಕು ಶೈಲಿಗಳಲ್ಲಿ ನಿಜವಾಗಿ ಮಾತಾಡಬಲ್ಲದು.

ನಮ್ಮ ಊರಿನ ಮಳೆಗಾಲಕ್ಕೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಕುಡಿದು ಮೇಲ್ಹಲಗೆ ಉಬ್ಬುತ್ತದೆ, ತಂತಿ ಫ್ರೆಟ್ಟಿನಿಂದ ಮೇಲೆದ್ದು ಒತ್ತಲು ಕಷ್ಟವಾಗುತ್ತದೆ. ಮಗು ಕೈಲಾಗದವನೆಂದು ಬೈಯುವ ಮುನ್ನ ಹನ್ನೆರಡನೆಯ ಫ್ರೆಟ್ ಬಳಿ ಅಳೆಯಿರಿ. ಆರನೆಯ ತಂತಿ ನೈಲಾನ್ ಗಿಟಾರಿನಲ್ಲಿ 4 ಮಿ.ಮೀ., ಉಕ್ಕಿನದರಲ್ಲಿ 2.5 ಮಿ.ಮೀ. ಮೀರಿದ್ದರೆ ರಿಪೇರಿಯವರಿಗೆ ತೋರಿಸಿ. ಸ್ಯಾಡಲನ್ನು ನೀವೇ ಉಜ್ಜಬೇಡಿ, ಮಳೆಗಾಲದಲ್ಲಿ ತಗ್ಗಿಸಿದ ಸ್ಯಾಡಲ್ ಚಳಿಗಾಲದಲ್ಲಿ ಮರ ಒಣಗಿದಾಗ ತಂತಿ ಫ್ರೆಟ್ಟಿಗೆ ತಾಗಿ ಗರಗರ ಎನ್ನುತ್ತದೆ. ಟ್ರಸ್ ರಾಡ್ (ಕತ್ತಿನ ಬಾಗು ಹೊಂದಿಸುವ ಒಳಗಿನ ಲೋಹದ ಸರಳು) ಇದ್ದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಗಿಟಾರನ್ನು ಹೊರಗೋಡೆಗೆ ಒರಗಿಸದೆ, ಲಾಫ್ಟಿಗೆ ಏರಿಸದೆ, ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲದೊಂದಿಗೆ ಇಡಿ. ಪೆಟ್ಟಿಗೆಯೊಳಗೆ ತೇವಮಾಪಕವೊಂದಿದ್ದು ಅದು 45ರಿಂದ 55 ಪ್ರತಿಶತ ತೋರಿಸುತ್ತಿದ್ದರೆ ನಿಶ್ಚಿಂತೆ. ನುಡಿಸಿದ ಮೇಲೆ ತಂತಿಯ ಅಡಿಭಾಗವನ್ನೂ ಒಣಬಟ್ಟೆಯಿಂದ ಒರೆಸಿ.

ಕೊನೆಯದಾಗಿ ನಿಮ್ಮಲ್ಲೂ ನಮ್ಮ ಕನ್ನಡ ಸಂಘಗಳಲ್ಲೂ ಕೋರಿಕೆ. ಯುವ ವಾದಕರನ್ನು ಪರಿಚಯಿಸುವಾಗ ಎಷ್ಟು ಶೈಲಿ ಎನ್ನುವುದರ ಜೊತೆಗೆ ಯಾರ ಬಳಿ, ಎಷ್ಟು ವರ್ಷ, ಯಾರಿಗೆ ಸಾಥ್ ನೀಡಿ ಕಲಿತರು ಎಂಬುದನ್ನೂ ದಯವಿಟ್ಟು ಬರೆಯಿರಿ. ಓದುವ ಪಾಲಕರಿಗೆ ದಾರಿ ಕಾಣುವುದು ಅದರಿಂದ. ಸಂಘಗಳ ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷಕ್ಕೆ ಐದು ದೇಶ ಸುತ್ತಿಸುವ ಮೆಡ್ಲಿ ಕೇಳಬೇಡಿ. ಒಂದೇ ಶೈಲಿಗೆ ಇಪ್ಪತ್ತೈದು ನಿಮಿಷ ಕೊಡಿ, ತಾಳ ಹಾಕಲು ಪಕ್ಕದಲ್ಲಿ ಇನ್ನೊಂದು ಮಗುವನ್ನು ಕೂರಿಸಿ. ವೇದಿಕೆಗೆ ಕೈಯಿಲ್ಲದ ಕುರ್ಚಿ, ಸುಮಾರು 15 ಸೆಂ.ಮೀ. ಎತ್ತರದ ಕಾಲ್ಮಣೆ ಬೇಕು. ಮೈಕನ್ನು ಗಿಟಾರಿನ ರಂಧ್ರದ ಎದುರು ಇಟ್ಟರೆ ಗುಂಯ್‌ಗುಡುತ್ತದೆ, ಹನ್ನೆರಡನೆಯ ಫ್ರೆಟ್ಟಿನ ಎದುರು 15ರಿಂದ 20 ಸೆಂ.ಮೀ. ದೂರದಲ್ಲಿ ಇಡಿ. ಆದರೂ ಊಳಿಟ್ಟರೆ ಮಿಕ್ಸರಿನಲ್ಲಿ 100 ಹರ್ಟ್ಜ್ ಸುತ್ತಮುತ್ತ ತುಸು ತಗ್ಗಿಸಲು ಧ್ವನಿವರ್ಧಕದವರಿಗೆ ಹೇಳಿ. ಸೌಂಡ್ ಚೆಕ್ಕಿಗೆ ಕಾಲು ಗಂಟೆಯನ್ನು ಉದ್ಘಾಟನೆಯ ಭಾಷಣಗಳಿಗೆ ಮುಂಚೆಯೇ, ಸಭಾಂಗಣ ಖಾಲಿ ಇರುವಾಗ ಕೊಟ್ಟುಬಿಡಿ.

ಇಂತಿ,
ಮಾಟುಂಗಾ, ಠಾಣೆ, ಡೊಂಬಿವಲಿಯ ಕೆಲವು ಕನ್ನಡಿಗ ಗಿಟಾರ್ ಶಿಕ್ಷಕರು
ಮುಂಬಯಿ